ಪಿಜಿಬೌನ್ಸರ್‌ನಲ್ಲಿ ಯೂಸರ್ ಲಾಗಿನ್ ಹೊಂದಿಸುವುದು ಹೇಗೆ? ಎರಡು ಬಾಗಿಲು, ಎರಡು ಬೀಗ

‘ನೇರವಾಗಿ ಪೋಸ್ಟ್‌ಗ್ರೆಸ್‌ಗೆ ಹೋದರೆ ಲಾಗಿನ್ ಆಗುತ್ತದೆ. ಅದೇ ಯೂಸರ್, ಅದೇ ಪಾಸ್‌ವರ್ಡ್ ಇಟ್ಟುಕೊಂಡು ಪಿಜಿಬೌನ್ಸರ್ ಮೂಲಕ ಹೋದರೆ ಆಗುವುದಿಲ್ಲ. ಯಾಕೆ?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಪೋಸ್ಟ್‌ಗ್ರೆಸ್ ಒಂದು ಡೇಟಾಬೇಸ್, ಪಿಜಿಬೌನ್ಸರ್ ಅದರ ಮುಂದೆ ನಿಲ್ಲುವ ಕನೆಕ್ಷನ್ ಪೂಲರ್. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಮೊದಲಿನಿಂದ ಕೊನೆಯವರೆಗೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಒಂದು ಸೂಚನೆ. ಸೆಟ್ಟಿಂಗ್‌ಗಳ ಹೆಸರು, ಕಮಾಂಡ್, ದೋಷ ಸಂದೇಶ ಎಲ್ಲವನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಫೈಲಿನಲ್ಲಿ ಟೈಪ್ ಮಾಡುವಾಗ ಅದೇ ಪದಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಬರೆಯಿರಿ. ನಾನು ಅಡಿಗೆರೆ ಹಾಕಿದ ಕಡೆ ಫೈಲಿನಲ್ಲೂ ಅಡಿಗೆರೆ ಇರಬೇಕು.

ಕನೆಕ್ಷನ್ ಪೂಲರ್ ಅಂದರೆ ಆಪ್ ಮತ್ತು ಡೇಟಾಬೇಸ್ ನಡುವೆ ನಿಲ್ಲುವ ಮಧ್ಯವರ್ತಿ. ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಒಂದು ಪ್ರತ್ಯೇಕ ಪ್ರೋಸೆಸ್ ಹುಟ್ಟುಹಾಕುತ್ತದೆ, ಅದು ಭಾರದ ಕೆಲಸ. ಪೂಲರ್ ಒಂದಷ್ಟು ಸಂಪರ್ಕಗಳನ್ನು ತೆರೆದಿಟ್ಟುಕೊಂಡು, ಬಂದವರಿಗೆ ಸರದಿಯಲ್ಲಿ ಕೊಡುತ್ತದೆ. ಪಿಜಿಬೌನ್ಸರ್ ಈ ಕೆಲಸವನ್ನು 2007ರಿಂದ ಮಾಡುತ್ತಾ ಬಂದಿದೆ.

ಲಾಗಿನ್ ವಿಷಯದಲ್ಲಿ ಇದರ ಪರಿಣಾಮ ಏನೆಂದರೆ, ಈಗ ಬಾಗಿಲು ಎರಡು. ಆಪ್ ಬಂದು ಪೂಲರ್‌ನ ಬಾಗಿಲು ತಟ್ಟುತ್ತದೆ, ಅಲ್ಲಿ ಪೂಲರ್ ಪಾಸ್‌ವರ್ಡ್ ಕೇಳುತ್ತದೆ. ಆಮೇಲೆ ಪೂಲರ್ ಹೋಗಿ ಪೋಸ್ಟ್‌ಗ್ರೆಸ್‌ನ ಬಾಗಿಲು ತಟ್ಟುತ್ತದೆ, ಅಲ್ಲಿ ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ಕೇಳುತ್ತದೆ. ಮೊದಲನೆಯದನ್ನು ಕ್ಲೈಂಟ್ ಕಡೆ, ಎರಡನೆಯದನ್ನು ಸರ್ವರ್ ಕಡೆ ಎಂದು ಕರೆಯೋಣ. ಲಾಗಿನ್ ಕೆಟ್ಟಾಗ ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಕೆಟ್ಟಿದ್ದು ಯಾವ ಬಾಗಿಲಲ್ಲಿ? ಇದನ್ನು ಕೇಳದೆ ಪಾಸ್‌ವರ್ಡ್ ಬದಲಿಸುತ್ತಾ ಕೂತರೆ ಇಡೀ ದಿನ ಅಲ್ಲೇ ಕಳೆದುಹೋಗುತ್ತದೆ.

ಬೇಕಾಗುವುದು ಇಷ್ಟು: ಪಿಜಿಬೌನ್ಸರ್ ಓಡುತ್ತಿರುವ ಮಷೀನಿಗೆ ಪ್ರವೇಶ, ಅದರ ಮುಖ್ಯ ಫೈಲ್ ಆದ ‘ಪಿಜಿಬೌನ್ಸರ್.ಐಎನ್‌ಐ’ ತಿದ್ದುವ ಅಧಿಕಾರ, ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸೂಪರ್‌ಯೂಸರ್ (ಎಲ್ಲ ಅಧಿಕಾರವೂ ಇರುವ) ಖಾತೆ, ಮತ್ತು ಎರಡೂ ಕಡೆಯ ಲಾಗ್ ಫೈಲ್ ಓದುವ ಅವಕಾಶ. ಲಾಗ್ ಓದಲಾಗದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಮೊದಲು ಆ ಅನುಮತಿ ಪಡೆಯಿರಿ.

ಹಂತ 1: ಪೋಸ್ಟ್‌ಗ್ರೆಸ್‌ನಲ್ಲಿ ಪಾಸ್‌ವರ್ಡ್ ಯಾವ ರೂಪದಲ್ಲಿದೆ ನೋಡಿ

ಪೋಸ್ಟ್‌ಗ್ರೆಸ್ ಪಾಸ್‌ವರ್ಡನ್ನು ಇದ್ದ ಹಾಗೆಯೇ ಇಟ್ಟುಕೊಳ್ಳುವುದಿಲ್ಲ, ಅದನ್ನು ಅರೆದು ಬಂದ ಹ್ಯಾಶ್ ಎಂಬ ಸರಣಿಯನ್ನು ಇಟ್ಟುಕೊಳ್ಳುತ್ತದೆ. ಹಳೆಯ ಪದ್ಧತಿ ಎಂಡಿ5. ಹೊಸದು ಸ್ಕ್ರ್ಯಾಮ್, ಇದು 2017ರಲ್ಲಿ ಬಂದ ಆವೃತ್ತಿ 10ರಿಂದ ಇದೆ. 2021ರ ಆವೃತ್ತಿ 14ರಿಂದ ಹೊಸ ಪಾಸ್‌ವರ್ಡ್‌ಗಳು ತಾವಾಗಿಯೇ ಸ್ಕ್ರ್ಯಾಮ್ ರೂಪದಲ್ಲಿ ಸೇರುತ್ತವೆ.

ಸೂಪರ್‌ಯೂಸರ್ ಆಗಿ ‘ಪಿಜಿ_ಶ್ಯಾಡೋ’ ಎಂಬ ವ್ಯೂ ತೆರೆದು, ನಿಮ್ಮ ಯೂಸರ್‌ನ ಸಾಲಿನಲ್ಲಿ ‘ಪಾಸ್‌ಡಬ್ಲ್ಯುಡಿ’ ಕಾಲಂ ನೋಡಿ. ‘ಎಂಡಿ5’ ಎಂದು ಶುರುವಾಗಿ ಹಿಂದೆಯೇ 32 ಅಕ್ಷರಗಳ ಸರಣಿ ಇದ್ದರೆ ಹಳೆಯ ಹ್ಯಾಶ್. ‘ಸ್ಕ್ರ್ಯಾಮ್-ಶಾ-256’ ಎಂದು (ಇಲ್ಲಿ ಮಾತ್ರ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ) ಶುರುವಾದರೆ ಹೊಸದು. ಆ ಹೊಸ ಸಾಲನ್ನು ಸ್ವಲ್ಪ ಹತ್ತಿರದಿಂದ ನೋಡಿ:

ಸ್ಕ್ರ್ಯಾಮ್-ಶಾ-256$4096:ಸಾಲ್ಟ್$ಸ್ಟೋರ್ಡ್‌ಕೀ:ಸರ್ವರ್‌ಕೀ

4096 ಎಂಬುದು ಪಾಸ್‌ವರ್ಡನ್ನು ಎಷ್ಟು ಸುತ್ತು ಅರೆದಿದ್ದಾರೆ ಎಂಬ ಲೆಕ್ಕ. ಸಾಲ್ಟ್ ಅಂದರೆ ಪಾಸ್‌ವರ್ಡ್ ಜತೆ ಬೆರೆಸುವ ಯಾದೃಚ್ಛಿಕ ತುಣುಕು, ಪಾಸ್‌ವರ್ಡ್ ಇಟ್ಟಾಗಲೆಲ್ಲ ಹೊಸದಾಗಿ ಹುಟ್ಟುತ್ತದೆ. ಉಳಿದ ಎರಡು ಆ ಲೆಕ್ಕದಿಂದ ಬಂದ ಕೀಗಳು. ಈ ಇಡೀ ಸಾಲಿಗೆ ‘ಸ್ಕ್ರ್ಯಾಮ್ ಸೀಕ್ರೆಟ್’ ಎನ್ನುತ್ತಾರೆ. ಸಾಲ್ಟ್ ಪ್ರತಿ ಸಲ ಬೇರೆಯಾಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ತೊಂದರೆಗಳ ಮೂಲ ಅದೇ.

ಹೊಸದಾಗಿ ಶುರು ಮಾಡುವವರಾದರೆ ಸ್ಕ್ರ್ಯಾಮ್ ಮಾತ್ರ ಬಳಸಿ. ಎಂಡಿ5 ಹ್ಯಾಶ್ ಕೈಗೆ ಸಿಕ್ಕವನಿಗೆ ಮೂಲ ಪಾಸ್‌ವರ್ಡ್ ಬೇಕೇ ಇಲ್ಲ, ಹ್ಯಾಶ್ ಇಟ್ಟುಕೊಂಡೇ ಲಾಗಿನ್ ಆಗಬಹುದು. ಸ್ಕ್ರ್ಯಾಮ್‌ನಲ್ಲಿ ಹಾಗಾಗುವುದಿಲ್ಲ. 2025ರಲ್ಲಿ ಬಂದ ಪೋಸ್ಟ್‌ಗ್ರೆಸ್ 18ರಲ್ಲಂತೂ ಎಂಡಿ5 ಪಾಸ್‌ವರ್ಡ್ ಇಟ್ಟರೆ ಎಚ್ಚರಿಕೆಯ ಸಂದೇಶವೇ ಬರುತ್ತದೆ.

ಹಂತ 2: ಪೂಲರ್‌ನ ಮೂಲ ಸೆಟ್ಟಿಂಗ್

ಪಿಜಿಬೌನ್ಸರ್.ಐಎನ್‌ಐ ಫೈಲಿನಲ್ಲಿ ‘ಡೇಟಾಬೇಸಸ್’ ಮತ್ತು ‘ಪಿಜಿಬೌನ್ಸರ್’ ಎಂಬ ಎರಡು ಭಾಗಗಳನ್ನು ಚೌಕ ಆವರಣದಲ್ಲಿ ಕಾಣುತ್ತೀರಿ. ಮೊದಲ ಭಾಗದಲ್ಲಿ ಡೇಟಾಬೇಸ್ ಎಲ್ಲಿದೆ ಎಂದು ಹೇಳಬೇಕು:

ಮಳಿಗೆ = ಹೋಸ್ಟ್=10.0.0.5 ಪೋರ್ಟ್=5432 ಡಿಬಿನೇಮ್=ಮಳಿಗೆ

ಎರಡನೆಯ ಭಾಗದಲ್ಲಿ:

ಲಿಸನ್_ಪೋರ್ಟ್ = 6432
ಆಥ್_ಟೈಪ್ = ಸ್ಕ್ರ್ಯಾಮ್-ಶಾ-256
ಆಥ್_ಫೈಲ್ = ಯೂಸರ್‌ಲಿಸ್ಟ್ ಫೈಲಿನ ಪೂರ್ಣ ದಾರಿ

ಆಥ್_ಟೈಪ್ ಅಂದರೆ ಕ್ಲೈಂಟ್ ಕಡೆಯ ಬಾಗಿಲಲ್ಲಿ ಯಾವ ರೀತಿ ಪರೀಕ್ಷೆ ನಡೆಯಬೇಕು ಎಂಬುದು. ಸರ್ವರ್ ಕಡೆ ಏನು ನಡೆಯಬೇಕು ಎಂಬುದನ್ನು ಇದು ತೀರ್ಮಾನಿಸುವುದಿಲ್ಲ. ಅದನ್ನು ತೀರ್ಮಾನಿಸುವುದು ಪೋಸ್ಟ್‌ಗ್ರೆಸ್‌ನ ‘ಪಿಜಿ_ಎಚ್‌ಬಿಎ.ಕಾನ್ಫ್’ ಫೈಲ್. ಇವೆರಡನ್ನು ಕಲಸಿಕೊಳ್ಳುವವರು ಬಹಳ.

ಏನನ್ನೂ ಬರೆಯದಿದ್ದರೆ ಆಥ್_ಟೈಪ್ ಎಂಡಿ5 ಆಗಿರುತ್ತದೆ. ಆಗಲೂ ಒಬ್ಬ ಯೂಸರ್‌ನ ಸ್ಕ್ರ್ಯಾಮ್ ಸೀಕ್ರೆಟ್ ಸಿಕ್ಕಿದರೆ ಪಿಜಿಬೌನ್ಸರ್ ಅವನಿಗೆ ಸ್ಕ್ರ್ಯಾಮ್ ಪರೀಕ್ಷೆಯನ್ನೇ ನಡೆಸುತ್ತದೆ. ಹಾಗಾಗಿ ಎಂಡಿ5ನಿಂದ ಸ್ಕ್ರ್ಯಾಮ್‌ಗೆ ಒಬ್ಬೊಬ್ಬರನ್ನಾಗಿ ಸಾಗಿಸುವ ಕಾಲದಲ್ಲಿ ಎಂಡಿ5 ಎಂದೇ ಬಿಟ್ಟಿರಬಹುದು. ಎಲ್ಲರೂ ದಾಟಿದ ಮೇಲೆ ಬದಲಿಸಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಲಾಗಿನ್ ಆಗದೆ ಬೇಸತ್ತು ಆಥ್_ಟೈಪನ್ನು ‘ಟ್ರಸ್ಟ್’ ಎಂದು ಬದಲಿಸಿ, ‘ಸದ್ಯಕ್ಕೆ ಇರಲಿ’ ಎಂದು ಬಿಡುವವರನ್ನು ನೋಡಿದ್ದೇನೆ. ಟ್ರಸ್ಟ್ ಅಂದರೆ ಪಾಸ್‌ವರ್ಡ್ ಕೇಳುವುದೇ ಇಲ್ಲ. ಪಟ್ಟಿಯಲ್ಲಿರುವ ಯಾವುದೇ ಹೆಸರು ಹೇಳಿದರೆ ಸಾಕು, ಒಳಗೆ. ಪಟ್ಟಿಯಲ್ಲಿ ಬರೀ ಪಾಸ್‌ವರ್ಡ್ ಇದ್ದರೆ ಪೂಲರ್ ಅವನ ಪರವಾಗಿ ಅದನ್ನು ಕೊಟ್ಟು ಡೇಟಾಬೇಸನ್ನೂ ತೆರೆದುಕೊಡುತ್ತದೆ. ದಯವಿಟ್ಟು ಪರೀಕ್ಷೆಗೆಂದೂ ಹೀಗೆ ಮಾಡಬೇಡಿ. ‘ಸದ್ಯಕ್ಕೆ’ ಎಂದು ಇಟ್ಟದ್ದು ವರ್ಷಗಟ್ಟಲೆ ಉಳಿಯುತ್ತದೆ.

ಹಂತ 3: ಯೂಸರ್ ಪಟ್ಟಿಯ ಫೈಲ್

ಆಪ್‌ಗಳು ನಾಲ್ಕೈದೇ ಇದ್ದರೆ, ಪಾಸ್‌ವರ್ಡ್ ಅಪರೂಪಕ್ಕೆ ಬದಲಾಗುವುದಾದರೆ, ಪಟ್ಟಿಯ ಫೈಲೇ ಸಾಕು. ‘ಯೂಸರ್‌ಲಿಸ್ಟ್.ಟಿಎಕ್ಸ್‌ಟಿ’ ಎಂದು ಹೆಸರಿಡುವುದು ರೂಢಿ. ಒಂದು ಸಾಲಿಗೆ ಒಬ್ಬ ಯೂಸರ್, ಎರಡು ಭಾಗ, ಎರಡಕ್ಕೂ ಜೋಡಿ ಉದ್ಧರಣ ಚಿಹ್ನೆ:

"ಬಿಲ್ಲಿಂಗ್" "ಸ್ಕ್ರ್ಯಾಮ್-ಶಾ-256$4096:…"

ಎರಡನೆಯ ಭಾಗದಲ್ಲಿ ಬರೀ ಪಾಸ್‌ವರ್ಡ್ ಇಡಬಹುದು, ಎಂಡಿ5 ಹ್ಯಾಶ್ ಇಡಬಹುದು, ಸ್ಕ್ರ್ಯಾಮ್ ಸೀಕ್ರೆಟ್ ಇಡಬಹುದು. ಪಾಸ್‌ವರ್ಡಿನೊಳಗೇ ಉದ್ಧರಣ ಚಿಹ್ನೆ ಇದ್ದರೆ ಅದನ್ನು ಎರಡೆರಡು ಸಲ ಬರೆಯಬೇಕು. ಎಂಡಿ5 ಹ್ಯಾಶ್ ಲೆಕ್ಕದಲ್ಲಿ ಪಾಸ್‌ವರ್ಡ್ ಜತೆ ಯೂಸರ್ ಹೆಸರೂ ಸೇರಿರುತ್ತದೆ, ಆದ್ದರಿಂದ ಒಬ್ಬನ ಹ್ಯಾಶನ್ನು ಇನ್ನೊಬ್ಬನ ಸಾಲಿಗೆ ನಕಲು ಮಾಡಿದರೆ ಕೆಲಸ ಮಾಡುವುದಿಲ್ಲ.

ಫೈಲ್ ಪಿಜಿಬೌನ್ಸರ್ ಓಡುವ ಸಿಸ್ಟಂ ಯೂಸರ್‌ನ ಹೆಸರಿನಲ್ಲಿರಲಿ, ಅನುಮತಿ 600 ಇರಲಿ, ಅಂದರೆ ಆ ಯೂಸರ್ ಮಾತ್ರ ಓದಿ ಬರೆಯಬಹುದು. ಇದನ್ನು ಕೋಡ್ ಜತೆ ಗಿಟ್‌ಗೆ ಸೇರಿಸಬೇಡಿ.

ಈಗ ಎಲ್ಲರೂ ಎಡವುವ ಜಾಗ. ಸ್ಕ್ರ್ಯಾಮ್ ಸೀಕ್ರೆಟ್ ಇಟ್ಟಿದ್ದೀರಿ, ಅದರಿಂದ ಪಾಸ್‌ವರ್ಡ್ ವಾಪಸ್ ತೆಗೆಯಲಾಗದು. ಹಾಗಿದ್ದರೆ ಪೂಲರ್ ಎರಡನೆಯ ಬಾಗಿಲಲ್ಲಿ ಪೋಸ್ಟ್‌ಗ್ರೆಸ್‌ಗೆ ಏನನ್ನು ತೋರಿಸುತ್ತದೆ? ಕ್ಲೈಂಟ್ ಲಾಗಿನ್ ಆಗುವಾಗ ಪಾಸ್‌ವರ್ಡ್ ಕಳಿಸುವುದಿಲ್ಲ, ತನಗೆ ಪಾಸ್‌ವರ್ಡ್ ಗೊತ್ತು ಎಂಬುದಕ್ಕೆ ಒಂದು ಪುರಾವೆ ಕಳಿಸುತ್ತದೆ. ತನ್ನಲ್ಲಿರುವ ಸ್ಟೋರ್ಡ್‌ಕೀ ಬಳಸಿ ಪೂಲರ್ ಆ ಪುರಾವೆಯೊಳಗಿಂದ ಕ್ಲೈಂಟ್‌ನ ಕೀಯನ್ನು ಬಿಡಿಸಿಕೊಳ್ಳುತ್ತದೆ. ಅದೇ ಕೀ ಹಿಡಿದು ಪೋಸ್ಟ್‌ಗ್ರೆಸ್ ಬಳಿ ಹೋಗುತ್ತದೆ. ಈ ಸೌಲಭ್ಯ ಪಿಜಿಬೌನ್ಸರ್ 1.14ರಿಂದ ಇದೆ. ಬಹಳ ಸೊಗಸಾದ ಏರ್ಪಾಡು, ಆದರೆ ಅದಕ್ಕೆ ಮೂರು ಷರತ್ತುಗಳಿವೆ.

ಒಂದು, ಪಟ್ಟಿಯಲ್ಲಿರುವ ಸೀಕ್ರೆಟ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿರುವ ಸೀಕ್ರೆಟ್ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಪಾಸ್‌ವರ್ಡ್ ಒಂದೇ ಆದರೆ ಸಾಲದು, ಸಾಲ್ಟೂ ಸುತ್ತಿನ ಲೆಕ್ಕವೂ ಒಂದೇ ಇರಬೇಕು. ಆದ್ದರಿಂದ ಸೀಕ್ರೆಟನ್ನು ನೀವೇ ತಯಾರಿಸಬೇಡಿ, ಪಿಜಿ_ಶ್ಯಾಡೋದಿಂದ ನಕಲು ಮಾಡಿ. ಎರಡು, ಕ್ಲೈಂಟ್ ಕೂಡ ಸ್ಕ್ರ್ಯಾಮ್ ಮೂಲಕವೇ ಬಂದಿರಬೇಕು. ಮೂರು, ಡೇಟಾಬೇಸಸ್ ಭಾಗದ ಆ ಸಾಲಿನಲ್ಲಿ ‘ಯೂಸರ್=’ ಎಂದು ಬೇರೆ ಹೆಸರನ್ನು ಗಟ್ಟಿಮಾಡಿರಬಾರದು. ಹಾಗೆ ಗಟ್ಟಿಮಾಡಿದ್ದರೆ ಪೂಲರ್‌ಗೆ ಆ ಯೂಸರ್‌ನ ಅಸಲಿ ಪಾಸ್‌ವರ್ಡೇ ಬೇಕು.

ಷರತ್ತು ತಪ್ಪಿದಾಗ ಪೂಲರ್‌ನ ಲಾಗಿನಲ್ಲಿ ‘ರಾಂಗ್ ಪಾಸ್‌ವರ್ಡ್ ಟೈಪ್’ ಎಂಬ ಮಾತು ಕಾಣಬಹುದು. ಪಾಸ್‌ವರ್ಡ್ ತಪ್ಪು ಎಂದು ಅದರ ಅರ್ಥವಲ್ಲ. ‘ನನ್ನ ಹತ್ತಿರ ಇರುವ ರೂಪದಿಂದ ಸರ್ವರ್ ಕೇಳಿದ ಪರೀಕ್ಷೆಗೆ ಉತ್ತರ ಕೊಡಲಾಗದು’ ಎಂದು ಪೂಲರ್ ಹೇಳುತ್ತಿದೆ. ಸರ್ವರ್ ಸ್ಕ್ರ್ಯಾಮ್ ಕೇಳುತ್ತಿದೆ, ಪಟ್ಟಿಯಲ್ಲಿ ಎಂಡಿ5 ಹ್ಯಾಶ್ ಇದೆ ಎಂಬುದು ಇದಕ್ಕೆ ಸಾಮಾನ್ಯ ಕಾರಣ.

ಹಂತ 4: ಯೂಸರ್‌ಗಳು ಹೆಚ್ಚಿದ್ದರೆ ಆಥ್_ಕ್ವೆರಿ

ಯೂಸರ್ ಹತ್ತಕ್ಕಿಂತ ಹೆಚ್ಚಾದರೆ, ಅಥವಾ ಪಾಸ್‌ವರ್ಡ್ ನಿಯಮಿತವಾಗಿ ಬದಲಾಗುತ್ತಿದ್ದರೆ, ಪಟ್ಟಿಯನ್ನು ಕೈಯಲ್ಲಿ ಸಂಭಾಳಿಸುವುದು ನಡೆಯದ ಮಾತು. ನನ್ನ ಸಲಹೆ ಆಥ್_ಕ್ವೆರಿ. ಇದರಲ್ಲಿ ಪೂಲರ್ ಪಟ್ಟಿಯನ್ನು ನೋಡುವ ಬದಲು, ಯಾರಾದರೂ ಬಂದಾಗ ಪೋಸ್ಟ್‌ಗ್ರೆಸ್‌ನ್ನೇ ಕೇಳುತ್ತದೆ: ಈ ಹೆಸರಿನವರ ಸೀಕ್ರೆಟ್ ಏನು? ಸೀಕ್ರೆಟ್ ನೇರವಾಗಿ ಮೂಲದಿಂದಲೇ ಬರುವುದರಿಂದ ಎರಡೂ ಕಡೆ ಒಂದೇ ಇರಬೇಕೆಂಬ ಷರತ್ತು ತಾನಾಗಿಯೇ ಈಡೇರುತ್ತದೆ.

ಆ ಪ್ರಶ್ನೆ ಕೇಳಲು ಒಬ್ಬ ಯೂಸರ್ ಬೇಕು, ಅವನೇ ಆಥ್_ಯೂಸರ್. ಪಿಜಿ_ಶ್ಯಾಡೋ ಓದಲು ಸೂಪರ್‌ಯೂಸರ್ ಅಧಿಕಾರ ಬೇಕು ಎಂದು ಕೆಲವರು ಸೂಪರ್‌ಯೂಸರನ್ನೇ ಇಲ್ಲಿ ಕೂರಿಸುತ್ತಾರೆ. ಹಾಗೆ ಮಾಡಬೇಡಿ. ಸರಿಯಾದ ದಾರಿ ಹೀಗಿದೆ:

ಅ. ‘ಪೂಲರ್_ಆಥ್’ ಎಂಬಂಥ ಸಾಮಾನ್ಯ ಯೂಸರನ್ನು ರಚಿಸಿ. ಲಾಗಿನ್ ಬಿಟ್ಟು ಬೇರೆ ಯಾವ ಅಧಿಕಾರವೂ ಬೇಡ.

ಆ. ಸೂಪರ್‌ಯೂಸರ್ ಆಗಿ ಒಂದು ಪ್ರತ್ಯೇಕ ಸ್ಕೀಮಾ (ಡೇಟಾಬೇಸ್ ಒಳಗಿನ ಒಂದು ವಿಭಾಗ), ಅದರೊಳಗೆ ಒಂದು ಫಂಕ್ಷನ್ ರಚಿಸಿ. ಹೆಸರು ಕೊಟ್ಟರೆ ಆ ಯೂಸರ್ ಹೆಸರು ಮತ್ತು ಸೀಕ್ರೆಟ್ ಎಂಬ ಎರಡು ಕಾಲಂ ಅದು ವಾಪಸ್ ಕೊಡಬೇಕು. ಫಂಕ್ಷನ್‌ಗೆ ‘ಸೆಕ್ಯೂರಿಟಿ ಡಿಫೈನರ್’ ಎಂದು ಹಾಕಿ, ಅಂದರೆ ಯಾರು ಕರೆದರೂ ಅದು ರಚಿಸಿದವರ ಅಧಿಕಾರದಲ್ಲಿ ಓಡುತ್ತದೆ. ಅದೇ ಕಾರಣಕ್ಕೆ ಫಂಕ್ಷನ್‌ನಲ್ಲೇ ‘ಸರ್ಚ್_ಪಾತ್’, ಅಂದರೆ ಯಾವ ಸ್ಕೀಮಾಗಳಲ್ಲಿ ಹುಡುಕಬೇಕು ಎಂಬುದನ್ನು ಕೂಡ ಗಟ್ಟಿಮಾಡಿ. ಇಲ್ಲದಿದ್ದರೆ ಬೇರೆ ಸ್ಕೀಮಾದಲ್ಲಿ ಅದೇ ಹೆಸರಿನ ವಸ್ತು ಸೃಷ್ಟಿಸಿ ಮೋಸ ಮಾಡಬಹುದು.

ಇ. ಫಂಕ್ಷನ್ ಒಳಗೆ ಸೂಪರ್‌ಯೂಸರ್‌ಗಳನ್ನು ಹೊರಗಿಡುವ ಷರತ್ತು ಸೇರಿಸಿ. ಪೂಲರ್ ಮೂಲಕ ಸೂಪರ್‌ಯೂಸರ್ ಬರಬೇಕಾದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಅವಧಿ ಮುಗಿದ ಪಾಸ್‌ವರ್ಡ್‌ಗೂ ಸೀಕ್ರೆಟ್ ಕೊಡದಂತೆ ಷರತ್ತು ಹಾಕಿ.

ಈ. ಫಂಕ್ಷನ್ ಓಡಿಸುವ ಅನುಮತಿಯನ್ನು ‘ಪಬ್ಲಿಕ್’ನಿಂದ ಕಿತ್ತುಕೊಳ್ಳಿ, ಪೂಲರ್_ಆಥ್‌ಗೆ ಮಾತ್ರ ಕೊಡಿ. ಸ್ಕೀಮಾದ ‘ಯೂಸೇಜ್’ ಅನುಮತಿಯನ್ನೂ ಅವನಿಗೆ ಕೊಡಿ. ಪೋಸ್ಟ್‌ಗ್ರೆಸ್‌ನಲ್ಲಿ ಹೊಸ ಫಂಕ್ಷನ್ ಹುಟ್ಟುವಾಗಲೇ ಎಲ್ಲರಿಗೂ ತೆರೆದಿರುತ್ತದೆ. ಈ ಒಂದು ಸಾಲು ಮರೆತರೆ ಸ್ಕೀಮಾದ ಅನುಮತಿ ಇರುವ ಯಾವ ಯೂಸರ್ ಬೇಕಾದರೂ ಉಳಿದ ಯೂಸರ್‌ಗಳ ಸೀಕ್ರೆಟ್ ಓದಬಹುದು.

ಆಮೇಲೆ ಪಿಜಿಬೌನ್ಸರ್.ಐಎನ್‌ಐ ಫೈಲಿಗೆ:

ಆಥ್_ಯೂಸರ್ = ಪೂಲರ್_ಆಥ್
ಆಥ್_ಕ್ವೆರಿ = ಸೆಲೆಕ್ಟ್ ಯೂಸರ್‌ನೇಮ್, ಪಾಸ್‌ವರ್ಡ್ ಫ್ರಮ್ ಪೂಲರ್.ಹುಡುಕು($1)
ಆಥ್_ಡಿಬಿನೇಮ್ = ಫಂಕ್ಷನ್ ಇರುವ ಡೇಟಾಬೇಸ್ ಹೆಸರು

$1 ಇರುವ ಜಾಗಕ್ಕೆ ಬಂದವರ ಹೆಸರು ಬಂದು ಕೂರುತ್ತದೆ. ಕೊನೆಯ ಸಾಲು ಬರೆಯದಿದ್ದರೆ ಕ್ಲೈಂಟ್ ಯಾವ ಡೇಟಾಬೇಸ್ ಕೇಳುತ್ತಾನೋ ಅದರೊಳಗೇ ಕ್ವೆರಿ ಓಡುತ್ತದೆ. ಆಗ ಎಲ್ಲ ಡೇಟಾಬೇಸ್‌ಗಳಲ್ಲೂ ಫಂಕ್ಷನ್ ರಚಿಸಬೇಕಾಗುತ್ತದೆ.

ಅವಧಿ ಮುಗಿದ ಪಾಸ್‌ವರ್ಡ್ ವಿಷಯವನ್ನು ಯಾಕೆ ಒತ್ತಿ ಹೇಳಿದೆ ಎಂದರೆ, ಪೋಸ್ಟ್‌ಗ್ರೆಸ್ ‘ವ್ಯಾಲಿಡ್ ಅಂಟಿಲ್’ ದಿನಾಂಕವನ್ನು ನೋಡುವುದು ಲಾಗಿನ್ ಹೊತ್ತಿನಲ್ಲಿ ಮಾತ್ರ. ಪೂಲರ್ ಕೈಯಲ್ಲಿ ಮೊದಲೇ ತೆರೆದ ಸಂಪರ್ಕ ಇದ್ದರೆ, ಅವಧಿ ಮುಗಿದವನಿಗೂ ಅದನ್ನೇ ಕೊಟ್ಟುಬಿಡುತ್ತಿತ್ತು. 2025ರಲ್ಲಿ ಸಿವಿಇ-2025-2291 ಎಂದು ದಾಖಲಾದ ದೋಷ ಇದೇ. ಪಿಜಿಬೌನ್ಸರ್ 1.24.1ರಲ್ಲಿ ಮೂಲ ಕ್ವೆರಿಯನ್ನು ಸರಿಪಡಿಸಿದರು. ಆದರೆ ನೀವೇ ಬರೆದ ಫಂಕ್ಷನ್ ಇದ್ದರೆ ಆವೃತ್ತಿ ಏರಿಸಿದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ, ಷರತ್ತನ್ನು ನೀವೇ ಸೇರಿಸಬೇಕು.

ಎಡವುವ ಜಾಗ ಇನ್ನೆರಡಿವೆ. ಮೊದಲನೆಯದು ಪೂಲರ್_ಆಥ್‌ನ ಸ್ವಂತ ಪಾಸ್‌ವರ್ಡ್. ಅದು ಪಟ್ಟಿಯ ಫೈಲಿನಲ್ಲಿರಬೇಕು, ಮತ್ತು ಸರ್ವರ್ ಸ್ಕ್ರ್ಯಾಮ್ ಕೇಳುವುದಾದರೆ ಬರೀ ಪಾಸ್‌ವರ್ಡ್ ರೂಪದಲ್ಲೇ ಇರಬೇಕು. ಅವನ ಪರವಾಗಿ ಯಾವ ಕ್ಲೈಂಟೂ ಬಂದು ಪುರಾವೆ ಕೊಡುವುದಿಲ್ಲವಾದ್ದರಿಂದ ಸೀಕ್ರೆಟ್‌ನಿಂದ ಕೀ ಬಿಡಿಸಿಕೊಳ್ಳಲು ಪೂಲರ್‌ಗೆ ದಾರಿಯಿಲ್ಲ. ಅವನಿಗೆ ಬೇರೆ ಅಧಿಕಾರ ಕೊಡಬೇಡಿ ಎಂದದ್ದು ಇದಕ್ಕೇ. ಎರಡನೆಯದು, ಪಟ್ಟಿಯಲ್ಲಿ ಹೆಸರಿದ್ದರೆ ಪೂಲರ್ ಕ್ವೆರಿ ಓಡಿಸುವುದೇ ಇಲ್ಲ. ಆಥ್_ಕ್ವೆರಿಗೆ ಬಂದ ಮೇಲೂ ಪಟ್ಟಿಯಲ್ಲಿ ಹಳೆಯ ಸಾಲುಗಳು ಉಳಿದಿದ್ದರೆ, ಆ ಯೂಸರ್‌ಗಳ ಹಳೆಯ ಪಾಸ್‌ವರ್ಡೇ ನಡೆಯುತ್ತಿರುತ್ತದೆ. ಪಟ್ಟಿಯಲ್ಲಿ ಪೂಲರ್_ಆಥ್ ಒಬ್ಬನನ್ನು ಬಿಟ್ಟು ಉಳಿದವರನ್ನು ತೆಗೆದುಹಾಕಿ.

ಹಂತ 5: ಪೋಸ್ಟ್‌ಗ್ರೆಸ್ ಕಡೆಯ ಬಾಗಿಲು

ಇಲ್ಲಿಯವರೆಗೆ ಆಪ್‌ಗಳು ತಮ್ಮ ತಮ್ಮ ಐಪಿ ವಿಳಾಸದಿಂದ ಬರುತ್ತಿದ್ದವು. ಇನ್ನು ಮೇಲೆ ಪೋಸ್ಟ್‌ಗ್ರೆಸ್‌ಗೆ ಎಲ್ಲರೂ ಪೂಲರ್‌ನ ಐಪಿಯಿಂದ ಬಂದಂತೆ ಕಾಣುತ್ತಾರೆ. ಪಿಜಿ_ಎಚ್‌ಬಿಎ.ಕಾನ್ಫ್ ಫೈಲಿನಲ್ಲಿ ಆ ಐಪಿಗೆ ಸ್ಕ್ರ್ಯಾಮ್ ಸಾಲು ಸೇರಿಸಿ, ರೀಲೋಡ್ ಮಾಡಿ. ಆ ಫೈಲನ್ನು ಪೋಸ್ಟ್‌ಗ್ರೆಸ್ ಮೇಲಿನಿಂದ ಓದುತ್ತಾ, ಹೊಂದುವ ಮೊದಲ ಸಾಲಿಗೇ ನಿಲ್ಲುತ್ತದೆ. ನಿಮ್ಮ ಹೊಸ ಸಾಲು ಕೆಳಗಿದ್ದು ಮೇಲೆ ವಿಶಾಲವಾದ ಇನ್ನೊಂದು ಸಾಲಿದ್ದರೆ, ಕೆಳಗಿನದು ಇದ್ದೂ ಇಲ್ಲದಂತೆ.

‘ಬಿಲ್ಲಿಂಗ್ ಯೂಸರ್ ಇಂಥ ಐಪಿಯಿಂದ ಮಾತ್ರ ಬರಬಹುದು’ ಎಂಬ ನಿಯಮಗಳನ್ನು ಅಲ್ಲಿ ಹಿಂದೆ ಬರೆದಿದ್ದರೆ ಅವು ಈಗ ಅರ್ಥ ಕಳೆದುಕೊಂಡಿವೆ. ಅವನ್ನು ಪೂಲರ್‌ಗೆ ಸಾಗಿಸಬೇಕು: ಆಥ್_ಟೈಪನ್ನು ‘ಎಚ್‌ಬಿಎ’ ಮಾಡಿ, ‘ಆಥ್_ಎಚ್‌ಬಿಎ_ಫೈಲ್’ನಲ್ಲಿ ಅದೇ ಮಾದರಿಯ ಸಾಲುಗಳನ್ನು ಬರೆಯಿರಿ. ಬರವಣಿಗೆಯ ಕ್ರಮ ಪೋಸ್ಟ್‌ಗ್ರೆಸ್‌ನದೇ.

ಟಿಎಲ್‌ಎಸ್ ಅಂದರೆ ಸಂಪರ್ಕವನ್ನು ಗೂಢಲಿಪಿಗೊಳಿಸುವ ವ್ಯವಸ್ಥೆ. ಪೂಲರ್ ಬೇರೆ ಮಷೀನಿನಲ್ಲಿದ್ದರೆ ಎರಡೂ ಕಡೆ ಅದು ಬೇಕು. ‘ಕ್ಲೈಂಟ್_ಟಿಎಲ್‌ಎಸ್_ಎಸ್‌ಎಸ್‌ಎಲ್‌ಮೋಡ್’ ಒಂದು, ‘ಸರ್ವರ್_ಟಿಎಲ್‌ಎಸ್_ಎಸ್‌ಎಸ್‌ಎಲ್‌ಮೋಡ್’ ಇನ್ನೊಂದು. ಒಂದನ್ನು ಹಾಕಿ ಎರಡೂ ಆಯಿತು ಅಂದುಕೊಳ್ಳಬೇಡಿ.

ಹಂತ 6: ಪರೀಕ್ಷೆ, ಒಂದೊಂದೇ ಬಾಗಿಲು

ಪೂಲರ್ ಇರುವ ಮಷೀನಿನಿಂದಲೇ ಶುರು ಮಾಡಿ. ಪೋಸ್ಟ್‌ಗ್ರೆಸ್‌ನ ಕಮಾಂಡ್ ಸಾಲಿನ ಸಾಧನವಾದ ‘ಪಿಎಸ್‌ಕ್ಯುಎಲ್’ ಬಳಸಿ 5432ಕ್ಕೆ, ಅಂದರೆ ನೇರವಾಗಿ ಪೋಸ್ಟ್‌ಗ್ರೆಸ್‌ಗೆ ಹೋಗಿ. ಹೋಸ್ಟ್ ವಿಳಾಸ ಕೊಟ್ಟೇ ಹೋಗಿ. ಕೊಡದಿದ್ದರೆ ಯುನಿಕ್ಸ್ ಸಾಕೆಟ್ ಮೂಲಕ ಹೋಗಿ, ಪಾಸ್‌ವರ್ಡ್ ಕೇಳದೆಯೇ ಒಳಗೆ ಬಿಟ್ಟುಬಿಡಬಹುದು, ನೀವು ಎಲ್ಲ ಸರಿ ಇದೆ ಎಂದುಕೊಳ್ಳುತ್ತೀರಿ. ಹೋಮ್ ಫೋಲ್ಡರಿನಲ್ಲಿ ಪಿಜಿಪಾಸ್ ಫೈಲ್ ಇದೆಯೇ ಎಂದೂ ನೋಡಿಕೊಳ್ಳಿ, ಅದು ಸದ್ದಿಲ್ಲದೆ ಪಾಸ್‌ವರ್ಡ್ ತುಂಬಿಬಿಡುತ್ತದೆ. ಇದು ಸರಿಯಾದ ಮೇಲೆ 6432ಕ್ಕೆ ಹೋಗಿ, ಒಳಗೆ ಹೋದ ಮೇಲೆ ಒಂದು ಸಣ್ಣ ಸೆಲೆಕ್ಟ್ ಓಡಿಸಿ. ಕೊನೆಗೆ ಆಪ್ ಇರುವ ಮಷೀನಿನಿಂದ 6432ಕ್ಕೆ ಹೋಗಿ ನೋಡಿ.

ಕೆಟ್ಟರೆ ಪೂಲರ್‌ನ ಲಾಗ್ ತೆರೆಯಿರಿ.

‘ನೋ ಸಚ್ ಯೂಸರ್’ ಎಂದಿದ್ದರೆ ಕ್ಲೈಂಟ್ ಕಡೆಯ ತೊಂದರೆ: ಹೆಸರು ಪಟ್ಟಿಯಲ್ಲೂ ಇಲ್ಲ, ಕ್ವೆರಿಗೂ ಸಿಗಲಿಲ್ಲ.

‘ಸರ್ವರ್ ಲಾಗಿನ್ ಫೇಲ್ಡ್’ ಎಂದಿದ್ದರೆ ಪೋಸ್ಟ್‌ಗ್ರೆಸ್ ಕಡೆಯ ತೊಂದರೆ. ಇಂಥ ಸೋಲಿನ ನಂತರ ಪೂಲರ್ ತಕ್ಷಣ ಮತ್ತೆ ಪ್ರಯತ್ನಿಸುವುದಿಲ್ಲ, ‘ಸರ್ವರ್_ಲಾಗಿನ್_ರೀಟ್ರೈ’ ಪ್ರಕಾರ 15 ಸೆಕೆಂಡ್ ಕಾಯುತ್ತದೆ. ನೀವು ತಪ್ಪನ್ನು ತಿದ್ದಿ ಮೂರೇ ಸೆಕೆಂಡಿಗೆ ಪರೀಕ್ಷಿಸಿದರೆ ಹಳೆಯ ದೋಷವೇ ಬರಬಹುದು. ಸರಿಯಾಗಿ ತಿದ್ದಿದ್ದನ್ನೇ ತಪ್ಪೆಂದು ವಾಪಸ್ ಬದಲಿಸಿದವರಿದ್ದಾರೆ. ಕಾಲು ನಿಮಿಷ ಕಾಯಿರಿ.

‘ಅನ್‌ಸಪೋರ್ಟೆಡ್ ಸ್ಟಾರ್ಟಪ್ ಪ್ಯಾರಾಮೀಟರ್’ ಎಂದಿದ್ದರೆ ಅದು ಲಾಗಿನ್ ದೋಷವೇ ಅಲ್ಲ. ಜಾವಾ ಆಪ್‌ಗಳು ‘ಎಕ್ಸ್‌ಟ್ರಾ_ಫ್ಲೋಟ್_ಡಿಜಿಟ್ಸ್’ ಎಂಬುದನ್ನು ಕಳಿಸುತ್ತವೆ. ಅದನ್ನು ‘ಇಗ್ನೋರ್_ಸ್ಟಾರ್ಟಪ್_ಪ್ಯಾರಾಮೀಟರ್ಸ್’ಗೆ ಸೇರಿಸಿ.

ಹಂತ 7: ಪೂಲ್ ಲೆಕ್ಕ ಮತ್ತು ಅಡ್ಮಿನ್ ಕನ್ಸೋಲ್

ಪಿಜಿಬೌನ್ಸರ್ ಪ್ರತಿ ಡೇಟಾಬೇಸ್ ಮತ್ತು ಯೂಸರ್ ಜೋಡಿಗೂ ಬೇರೆ ಬೇರೆ ಪೂಲ್ ಮಾಡುತ್ತದೆ. ‘ಡಿಫಾಲ್ಟ್_ಪೂಲ್_ಸೈಜ್’ ಬರೆಯದಿದ್ದರೆ 20. ಹತ್ತು ಯೂಸರ್ ಸೇರಿದರೆ 200 ಸಂಪರ್ಕದವರೆಗೂ ಹೋಗಬಹುದು, ಆದರೆ ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100. ಆಥ್_ಕ್ವೆರಿಯಿಂದ ಯೂಸರ್ ಸೇರಿಸುವುದು ಸುಲಭವಾದಷ್ಟೂ ಈ ಲೆಕ್ಕ ಕೈತಪ್ಪುತ್ತದೆ. ‘ಮ್ಯಾಕ್ಸ್_ಡಿಬಿ_ಕನೆಕ್ಷನ್ಸ್’ ಹಾಕಿ ಮೇಲ್ಮಿತಿ ಕಟ್ಟಿಬಿಡಿ.

‘ಪಿಜಿಬೌನ್ಸರ್’ ಎಂಬ ಹೆಸರಿನ ಡೇಟಾಬೇಸ್‌ಗೆ ಲಾಗಿನ್ ಆದರೆ ಅಡ್ಮಿನ್ ಕನ್ಸೋಲ್ ಸಿಗುತ್ತದೆ, ಅಲ್ಲಿ ‘ಶೋ ಪೂಲ್ಸ್’, ‘ಶೋ ಯೂಸರ್ಸ್’ ಕೊಟ್ಟು ನೋಡಬಹುದು. ಯಾರಿಗೆ ಪ್ರವೇಶ ಎಂಬುದು ‘ಅಡ್ಮಿನ್_ಯೂಸರ್ಸ್’ನಲ್ಲಿ. ಅಂಕಿಅಂಶ ಮಾತ್ರ ನೋಡುವವರಿಗೆ ‘ಸ್ಟ್ಯಾಟ್ಸ್_ಯೂಸರ್ಸ್’ ಸಾಕು. ಆಪ್‌ನ ಯೂಸರನ್ನು ಅಡ್ಮಿನ್ ಪಟ್ಟಿಗೆ ಸೇರಿಸಬೇಡಿ.

ಹಂತ 8: ಪಾಸ್‌ವರ್ಡ್ ಬದಲಿಸುವಾಗ

ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಕಡೆ, ಒಂದು ಸ್ಕ್ರಿಪ್ಟ್ ಪ್ರತಿ ರಾತ್ರಿ ಎಲ್ಲ ಯೂಸರ್‌ಗಳಿಗೂ ‘ಆಲ್ಟರ್ ರೋಲ್’ ಓಡಿಸಿ ಪಾಸ್‌ವರ್ಡ್ ಮತ್ತೆ ಇಡುತ್ತಿತ್ತು. ಪಾಸ್‌ವರ್ಡ್ ಅದೇ, ಬದಲಾವಣೆ ಏನೂ ಇಲ್ಲ. ಆದರೆ ಸಾಲ್ಟ್ ಹೊಸದು, ಸೀಕ್ರೆಟ್ ಹೊಸದು, ಪೂಲರ್‌ನ ಪಟ್ಟಿಯಲ್ಲಿದ್ದದ್ದು ಹಳೆಯದು. ತೆರೆದಿದ್ದ ಸಂಪರ್ಕಗಳು ನಡೆಯುತ್ತಿದ್ದವು, ಅವು ಮುಗಿದಂತೆ ಹೊಸವು ಒಂದೊಂದಾಗಿ ಸೋಲುತ್ತಿದ್ದವು. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಪಟ್ಟಿಯ ಫೈಲ್ ಬಳಸುವವರು ಪಾಸ್‌ವರ್ಡ್ ಮುಟ್ಟಿದಾಗಲೆಲ್ಲ, ಅದೇ ಪಾಸ್‌ವರ್ಡ್ ಇಟ್ಟರೂ ಸರಿ, ಸೀಕ್ರೆಟನ್ನು ಮತ್ತೆ ನಕಲು ಮಾಡಲೇಬೇಕು.

ಕ್ರಮ ಹೀಗಿರಲಿ. ಪಿಎಸ್‌ಕ್ಯುಎಲ್ ಒಳಗೆ ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಹಾಕಿ ‘ಪಾಸ್‌ವರ್ಡ್’ ಎಂಬ ಕಮಾಂಡ್ ಬಳಸಿ ಬದಲಿಸಿ. ಆಗ ಪಾಸ್‌ವರ್ಡ್ ನಿಮ್ಮ ಕಡೆಯೇ ಸೀಕ್ರೆಟ್ ಆಗಿ ಹೋಗುತ್ತದೆ, ಸರ್ವರ್ ಲಾಗಿನಲ್ಲಿ ಬರೀ ಪಾಸ್‌ವರ್ಡ್ ಬೀಳುವುದಿಲ್ಲ. ಪಟ್ಟಿಯಿದ್ದರೆ ಅದನ್ನು ತಿದ್ದಿ. ಅಡ್ಮಿನ್ ಕನ್ಸೋಲ್‌ನಲ್ಲಿ ‘ರೀಲೋಡ್’ ಕೊಡಿ. ಆಪ್‌ಗೆ ಹೊಸ ಪಾಸ್‌ವರ್ಡ್ ಕೊಟ್ಟು ಮರಳಿ ಶುರು ಮಾಡಿ. ಆಮೇಲೆ ‘ರೀಕನೆಕ್ಟ್’ ಕೊಡಿ: ಹಳೆಯ ಸರ್ವರ್ ಸಂಪರ್ಕಗಳು ಕೆಲಸ ಮುಗಿಸಿದಂತೆ ಮುಚ್ಚಿ, ಹೊಸ ಪಾಸ್‌ವರ್ಡಿನಿಂದ ತೆರೆದುಕೊಳ್ಳುತ್ತವೆ. ಇದನ್ನು ಬಿಟ್ಟರೆ ‘ಸರ್ವರ್_ಲೈಫ್‌ಟೈಮ್’ ಆದ 3600 ಸೆಕೆಂಡ್ ಮುಗಿಯುವವರೆಗೂ ಹಳೆಯ ಸಂಪರ್ಕಗಳು ನಡೆದುಕೊಂಡೇ ಹೋಗಬಹುದು. ಆಗ ತಪ್ಪೇನಾದರೂ ಇದ್ದರೆ ಅದು ನಿಮಗೆ ಗೊತ್ತಾಗುವುದು ಒಂದು ಗಂಟೆ ಕಳೆದ ಮೇಲೆ, ನೀವು ಕೆಲಸ ಮುಗಿಸಿ ಎದ್ದುಹೋದ ನಂತರ.